ಹತ್ತೊಂಬತ್ತನೆಯ ಮೆಟ್ಟಿಲು

ಪಂಚಾಯ್ತಿಯ ಗೋಡೆಗೆ ಕಟ್ಟಿದ ಬಿಳಿ ಧೋತರ ಫ್ಯಾನಿನ ಗಾಳಿಗೆ ಉಬ್ಬುತ್ತದೆ, ಅದರ ಮೇಲೆ ಬಿದ್ದ ನೀಲಿ ಬೆಳಕೂ ಉಬ್ಬುತ್ತದೆ, ಕೆರೆಯೇ ಉಸಿರಾಡಿದ ಹಾಗೆ — ಇದು ನಮ್ಮ ರಾಜೂರಿನ ಕೆರೆಯಂತೆ, ಕಂಪ್ಯೂಟರಿನೊಳಗಿಂದ ಗೋಡೆಗೆ ಬಂದಿದೆ, ತಂದವಳು ಮೇಘಾ, ನನ್ನ ಗೆಳತಿ ಶಂಕ್ರವ್ವನ ಮೊಮ್ಮಗಳು, ಧಾರವಾಡದಲ್ಲಿ ನೀರಿನ ಲೆಕ್ಕ ಕಲಿತವಳು, ಕೋಲು ಹಿಡಿದು ತೋರಿಸುತ್ತಿದ್ದಾಳೆ, ಹಳ್ಳ ಮುಚ್ಚಿ ರಸ್ತೆ ಮಾಡೀವಿ, ಕೆರಿ ಹೂಳು ತಗದಿಲ್ಲ, ಮಳಿ ಬಂದ್ರ ಒಮ್ಮಿಗೇ ಸುರೀತೈತಿ, ಅಂಥಾ ಮಳಿಗೆ ನೀರು ಎಲ್ಲಿ ನುಗ್ಗತೈತಿ ಅಂತ ಇದು ಮುಂಚೇನ ಹೇಳತೈತ್ರಿ, ಇದಕ್ಕ ಹಿಂದಿಂದೆಲ್ಲಾ ಕಲಿಸಿದ್ದು ನಮ್ಮ ಖತೀಜಾಬಿ ಆಯಿ ಪುಸ್ತಕರಿ — ಎಲ್ಲರೂ ತಿರುಗಿ ನನ್ನನ್ನು ನೋಡುತ್ತಾರೆ, ನಾನು ಸೆರಗು ಎಳೆದುಕೊಳ್ಳುತ್ತೇನೆ, ಮೆಂಬರ ಕನಕರಾಜ ನಗುತ್ತಾನೆ, ರಾತ್ರಿ ಸಾಲಿ ಕಲತಾಕಿ ಈಗ ಕಂಪ್ಯೂಟರಿಗೇ ಮಾಸ್ತರ ಆದಳಲ್ರಿ — ಆದೆನಪ್ಪಾ, ಆ ಪುಸ್ತಕ ಕೊಟ್ಟವರು ಸಿದ್ದರಾಮೇಶ ಮಾಸ್ತರರು, ನಲವತ್ತು ದಾಟಿದ ಮೇಲೆ ಅಕ್ಷರ ಹಿಡಿದ ಕೈಗೆ, ದಿನಾ ಕಂಡದ್ದೊಂದು ಬರೀರಿ ಖತೀಜಾಬಿ ಎಂದರು, ನನಗೆ ದಿನಾ ಕಾಣುವುದೇನು, ಕೆರೆ, ಶಂಕ್ರವ್ವ, ಎರಡು ಕೊಡ, ಅವಳು ಮುಂದೆ ನಾನು ಹಿಂದೆ, ಮೆಟ್ಟಿಲು ಇಳಿಯುತ್ತ ಅವಳು ಗಟ್ಟಿಯಾಗಿ ಎಣಿಸುತ್ತಾಳೆ, ಒಂದ, ಎರಡ, ಮೂರ, ನೀರು ಕಾಲಿಗೆ ಮುಟ್ಟಿದಲ್ಲಿ ನಿಲ್ಲುತ್ತಾಳೆ, ನಾಕ ಆತು ನೋಡ, ಬರಕೋ ನಿನ್ನ ಪುಸ್ತಕದಾಗ, ನಿಮ್ಮ ಮಾಸ್ತರ ಬೈದಾನು — ಬರೆದೆ, ಮೆಟ್ಟಿಲು ೪, ನಾಕು ಎತ್ತಿನ ಕೋಡಿನಷ್ಟು ದೊಡ್ಡದಾಗಿ ಬಂತು, ಅವಳು ಸಾಲಿಗೆ ಬರಲೇ ಇಲ್ಲ, ಆದರೂ ಆ ಪುಸ್ತಕದ ಒಂದೊಂದು ಅಂಕಿಯೂ ಅವಳ ಬಾಯಿಂದ ಬಂದದ್ದು, ಒಂದು ಮುಂಜಾನೆಯ ಒಂದ ಎಂಬ ಅಂಕಿ ಬಿಟ್ಟರೆ, ಅದು ನಾನೇ ಎಣಿಸಿದ್ದು, ಮೂರು ದಿನ ಸುರಿದ ಮಳೆ, ಮೊದಲ ಮೆಟ್ಟಿಲ ಮೇಲೆ ತಾಮ್ರದ ಕೊಡ ಇಟ್ಟು ಅವಳು ಸೀರೆ ಎತ್ತಿ ಕಟ್ಟುತ್ತಿದ್ದಳು, ನೀರು ಬಂದು ಕೊಡವನ್ನು ಎತ್ತಿತು, ಬುಡ ಕಲ್ಲು ಬಿಟ್ಟಿತು, ಶಂಕ್ರವ್ವಾ ನಿನ್ನ ಕೊಡ ನಡೀಲಿಕ್ಕ ಹತ್ತೇತಿ ಎಂದೆ, ನಡೀಲಿ ಬಿಡ, ಇಷ್ಟ ವರ್ಷ ನಾನಽ ಹೊತ್ತೀನಿ ಎಂದಳು, ನಕ್ಕೆವು, ಮಧ್ಯಾಹ್ನಕ್ಕೆ ಕೆರೆ ಒಡ್ಡಿನ ಮೇಲೆ ಹರಿದು ಕೆಳಗಿನ ಓಣಿಗೆ ನುಗ್ಗಿತ್ತು, ಅವಳ ಮನೆಯ ನೆಲದೊಳಗಿನ ಹಗೇವಿಗೆ ನೀರು ಇಳಿದು ವರ್ಷದ ಜೋಳವೆಲ್ಲ ಮೊಳಕೆಯೊಡೆಯಿತು, ಆ ಹುಳಿ ವಾಸನೆ ಈಗಲೂ —

ಮೇಘಾ ಏನೆಂದಳು ಈಗ, ಪುಸ್ತಕದಾಗ ಎಲ್ಲಕ್ಕಿಂತ ಹೆಚ್ಚ ನೀರು ಇದ್ದದ್ದು ಇಲ್ಲಿ ತೋರಿಸಿದ ವರ್ಷರಿ, ಹತ್ತೊಂಬತ್ತ ಮೆಟ್ಟಿಲು — ಹತ್ತೊಂಬತ್ತೇ, ಅದು ನನ್ನ ಮಗಳು ಕೌಸರಳ ಮದುವೆಯ ವರ್ಷ, ಅಡುಗೆಗೆ ರೋಣದಿಂದ ಟ್ಯಾಂಕರ್ ತರಿಸಿದ ವರ್ಷ, ಕೆರೆಯ ತಳಕ್ಕೆ ಇಳಿದು ಬಟ್ಟಲಿನಿಂದ ಕೆಸರುನೀರು ಗೋರಿದೆವಲ್ಲ, ಗೋಡೆಯ ಮೇಲೆ ಆ ವರ್ಷ ತುಂಬು ನೀಲಿ, ದೊಡ್ಡ ಮಳಿ ವರ್ಷ ಒಂದ ಮೆಟ್ಟಿಲಷ್ಟಽ ನೀರಿತ್ರಿ, ಅಂದ್ರ ಎಷ್ಟ ಸುರಿದ್ರೂ ಕೆರಿ ತುಂಬೂದಿಲ್ಲ, ಕೆಳಗಿನ ಓಣಿಗೆ ಹೆದರಿಕಿಲ್ಲ ಎನ್ನುತ್ತಾಳೆ ಮೇಘಾ — ಆ ಮಳೆಗೆ ಅವಳು ತೊಟ್ಟಿಲಲ್ಲಿದ್ದಳು, ಅಪ್ಪನ ನೌಕರಿಯ ಊರಿನಲ್ಲಿ, ನಲ್ಲಿಯ ನೀರು ಕುಡಿದು ಬೆಳೆದವಳು, ಮೆಟ್ಟಿಲನ್ನು ಬುಡದಿಂದ ಎಣಿಸಿದ್ದಾಳೆ, ಮನೆ ಕಟ್ಟುವವರ ಹಾಗೆ, ನೀರಿಗೆ ಹೋಗುವವರು ಬುಡದ ಮೆಟ್ಟಿಲು ಎಲ್ಲಿ ಕಂಡಿರುತ್ತಾರೆ, ಅದು ಹೂಳಿನೊಳಗೆ, ಇದನ್ನು ನಾನು ಬರೆಯಲೇ ಇಲ್ಲ, ಬರೆಯಬೇಕೆಂದು ಯಾರಿಗೆ ಗೊತ್ತಿತ್ತು — ಕನಕರಾಜ ಪೆನ್ನು ತೆಗೆದ, ಹಂಗಾರ ದೊಡ್ಡ ಗಟಾರ ಮ್ಯಾಲಿನ ಓಣಿಗೆ, ಕೆಳಗ ಏನೂ ಬ್ಯಾಡ, ಹಾಕೂಣೇನ್ರಿ ಸಹಿ, ಆ ಮಳೆ ಕಂಡವರು ಇಲ್ಲಿ ಇನ್ನೂ ಮೂವರಿದ್ದಾರೆ, ಗೋಡೆ ನೋಡಿ ಹೌದೆಂಬಂತೆ ತಲೆಯಾಡಿಸುತ್ತಾರೆ, ಶಂಕ್ರವ್ವ ಹೋಗಿ ಆರು ವರ್ಷ, ಆ ಮನೆಯಲ್ಲಿ ಈಗ ಅವಳ ಕಿರಿಮಗ ಹಾಲಸಿದ್ದಪ್ಪ, ಮೂರು ಕೂಸು, ಚಿಕ್ಕದು ನೆಲದ ಮೇಲೇ ಮಲಗುತ್ತದೆ, ನಾನು ಬಾಯಿ ತೆರೆದರೆ ಈ ಹುಡುಗಿಯ ಮುಖ ಇಷ್ಟು ಮಂದಿಯೆದುರು, ಆಮೇಲೆ ಕಿವಿಯಲ್ಲಿ ಹೇಳಿದರಾದೀತು, ಮಾತಿನ ನಡುವೆ ಬಾಯಿ ಹಾಕಿದವಳಲ್ಲ ನಾನು, ಎಲ್ಲರದೂ ಮುಗಿಯಲಿ ಎಂದೇ ಕಾದವಳು — ಪೆನ್ನು ಕಾಗದಕ್ಕೆ ತಾಗುತ್ತದೆ, ಕೊಡ ಕಲ್ಲು ಬಿಡುತ್ತದೆ, ಎದ್ದು ನಿಂತಿದ್ದೇನೆ, ಒಂದೀಟ ತಡಿ ಮೇಘಾ, ನಾವು ಮ್ಯಾಲಿಂದ ಎಣಸ್ತಿದ್ವಿ — ಏನಂದಿ ಆಯಿ ಎನ್ನುತ್ತಾನೆ ಕನಕರಾಜ — ಇಳಕೋಂತ ಎಣಸ್ತಿದ್ವೆಪಾ, ಒಂದಂದ್ರ ತುಂಬಿದ ಕೆರಿ, ಹತ್ತೊಂಬತ್ತಂದ್ರ ಬತ್ತಿದ ಕೆರಿ, ನಿಮ್ಮಜ್ಜಿ ಎಣಿಸ್ಯಾಳ ಮಗಳ, ಆಕಿ ತಪ್ಪಿಲ್ಲ, ನಾನಽ ಪೂರಾ ಬರೀಲಿಲ್ಲ — ಮೇಘಾಳ ಕೋಲು ಕೆಳಗಿಳಿಯಿತು, ಕಿವಿ ಕೆಂಪಾಯಿತು, ಅಯ್ಯ ಆಯಿ, ನಾ ಕೇಳಬೇಕಾಗಿತ್ತು ಎಂದು ಕೂತಳು, ಬೆರಳು ಟಕಟಕ ಎನ್ನುತ್ತವೆ, ಅಂಕಿಗಳನ್ನೆಲ್ಲ ತಲೆಕೆಳಗು ಮಾಡುತ್ತಿದ್ದಾಳೆ, ಕನಕರಾಜ ಪೆನ್ನಿನ ಮುಚ್ಚಳ ಹಾಕಿದ, ಧೋತರ ಒಮ್ಮೆ ಬರೀ ಬಿಳಿ, ಆಮೇಲೆ ನೀಲಿ ತುಂಬುತ್ತದೆ, ತುಂಬಿ ಒಡ್ಡು ದಾಟುತ್ತದೆ, ಮುಚ್ಚಿದ ಹಳ್ಳ ಹುಡುಕಿ ಸಿಗದೆ ರಸ್ತೆಗುಂಟ ಇಳಿಯುತ್ತದೆ, ಕೆಳಗಿನ ಓಣಿ, ಬೇವಿನ ಗಿಡ, ಹಾಲಸಿದ್ದಪ್ಪನ ಕಟ್ಟೆ, ಹೊಸ್ತಿಲು, ಒಂದ — ಮೊದಲ ಮೆಟ್ಟಿಲು — ಸೀರೆ ಎತ್ತಿ ಕಟ್ಟುವ ಶಂಕ್ರವ್ವ, ಅವಳ ಬೆನ್ನ ಹಿಂದೆ ತಾಮ್ರದ ಕೊಡ, ಬುಡ ಕಲ್ಲು ಬಿಟ್ಟು —