ಕೊಂಬಿನ ಗುಂಡಿಗಳು

ಬೀಳುತ್ತೆ, ಈಗ ಬೀಳುತ್ತೆ, ಒಂದೇ ಎಳೆಯ ಮೇಲೆ ನೇತಾಡುತ್ತಿದೆ ಆ ಕೋಟಿನ ಗುಂಡಿ, ಅವನು ಹಾಡಲು ಬಾಯಿ ತೆಗೆದಾಗಲೆಲ್ಲ ಅಲ್ಲಾಡುತ್ತದೆ, ಇಡೀ ಸಭೆಯಲ್ಲಿ ಬೇರೆ ಬೆಂಚೇ ಸಿಗಲಿಲ್ಲವೇ ಇವನಿಗೆ, ತಡವಾಗಿ ಬಂದು ಇವಳ ಪಕ್ಕದಲ್ಲೇ ಕೂರಬೇಕಿತ್ತೇ, ಗೋದಾಮಿನ ಕಾವಲುಗಾರ, ಮೈಮೇಲೆ ಇವಳ ಗಂಡನ ಕೋಟು — ಗಂಡನದ್ದಲ್ಲ ಈಗ, ಕೊಟ್ಟಾಯಿತು, ಚಳಿಗೆ ಬಟ್ಟೆ ಕೂಡಿಸುತ್ತಿದ್ದೇವೆ ಅಂತ ಪಾಸ್ಟರಮ್ಮ ಹೆಂಗಸರ ಕೂಟದಲ್ಲಿ ಎಲ್ಲರೆದುರು ಕೇಳಿದ್ದರು, ತೀರಿಹೋದವರ ಕೋಟು ಸುಮ್ಮನೆ ಗೂಟಕ್ಕೆ ನೇತುಬಿದ್ದಿದೆಯಲ್ಲಮ್ಮಾ, ಅಯ್ಯೋ ಧಾರಾಳವಾಗಿ ತಗೊಳ್ಳಿ ಅಂದಿದ್ದಳು ಇವಳು, ಹಲ್ಲು ಕಿರಿದು, ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು. ಮನೆಗೆ ಬಂದವಳೇ ಕತ್ತರಿ ಹಿಡಿದಳು, ಹೊಲಿಗೆ ಅಂಗಡಿ ನಡೆಸುವ ಕೈ, ಕೇಳಬೇಕೇ, ಹಳೇ ಬಟ್ಟೆ ಮನೆ ಬಿಡುವ ಮೊದಲು ಗುಂಡಿ ಕಿತ್ತಿಟ್ಟುಕೊಳ್ಳುವುದು ರೂಢಿ, ಒರೆಸುವ ಬಟ್ಟೆಗೆ ಗುಂಡಿ ಯಾಕೆ, ಆದರೆ ಇದು ಒರೆಸುವ ಬಟ್ಟೆಯಲ್ಲ, ಒಬ್ಬ ಮನುಷ್ಯ ತೊಡುವ ಕೋಟು, ಗೊತ್ತಿದ್ದೂ ಕಿತ್ತಳು, ಮದುವೆಯ ವರ್ಷ ತಾನೇ ಹಾಕಿದ್ದ ಕೊಂಬಿನ ಗುಂಡಿಗಳು, ಮನೆಯವರ ಬೆರಳು ತಾಗಿ ತಾಗಿ ನುಣುಪಾದವು, ಬದಲಿಗೆ ಡಬ್ಬಿಯ ತಳದ ಪ್ಲಾಸ್ಟಿಕ್ಕಿನವನ್ನು ಎರಡು ಸುತ್ತು ದಾರದಲ್ಲಿ ಸಿಕ್ಕಿಸಿ, ಗಂಟೂ ಸರಿಯಾಗಿ ಹಾಕದೆ — ಗಿರಾಕಿಯ ಬಟ್ಟೆಗೆ ಹಾಗೆ ಮಾಡಿದ್ದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು. ಅವರು ಹೀಗಿರಲಿಲ್ಲ, ಕೊಡೆಯನ್ನು ಯಾರಿಗೋ ಕೊಟ್ಟು ತೊಯ್ದು ತೊಪ್ಪೆಯಾಗಿ ಬಂದು ಬಾಗಿಲಲ್ಲಿ ನಿಂತು ನಗುತ್ತಿದ್ದರು, ನಿಮಗೇನು ತಲೆ ಕೆಟ್ಟಿದೆಯಾ, ಇಲ್ಲ ಕಣೇ, ಅವನಿಗಿಂತ ನಂಗೇ ಖುಷಿಯಾಯ್ತು, ಅಂಗೈ ಬಿಚ್ಚಿ ತೋರಿಸುತ್ತಿದ್ದರು, ನೋಡು, ಏನೂ ಇಲ್ಲ, ಎಷ್ಟು ಹಗುರ. ಆ ಅಂಗೈ. ಕೋಟು ಹೊಲಿಯುವಾಗಲೂ ಗುಂಡಿಗಳನ್ನು ಅದರಲ್ಲೇ ಹರಡಿಕೊಂಡು ಪಕ್ಕದಲ್ಲಿ ಕೂತಿದ್ದರು, ಒಂದೊಂದಾಗಿ ತಗೋ ಅಂತ.

ಈಗ ಅವೇ ಗುಂಡಿಗಳು ಇವಳ ಮುಷ್ಟಿಯಲ್ಲಿ, ಪರ್ಸಿನಲ್ಲಿದ್ದವು ಯಾವಾಗ ಕೈಗೆ ಬಂದವೋ, ಬೆವರಿಗೆ ಅಂಟಿವೆ, ಮುಖ ಗಂಟಿಕ್ಕಿಕೊಂಡು ಕೊಡೋದಾದ್ರೆ ಮನೇಲೇ ಇಟ್ಕೊಳ್ಳಿ, ದೇವರೇನು ಬಡವನಲ್ಲ ಅನ್ನುತ್ತಿದ್ದಾರೆ ಪಾಸ್ಟರ್, ಜನ ನಗುತ್ತಾರೆ, ಇವಳಿಗೆ ನಗು ಬರದು, ಕಾಣಿಕೆ ಚೀಲ ಆ ತುದಿಯಿಂದ ಬರುತ್ತಿದೆ, ಅದಕ್ಕೇ ಹಾಕಿಬಿಟ್ಟರೆ, ಮುಚ್ಚಿದ ಮುಷ್ಟಿ ಒಳಗೆ ಹೋಗುತ್ತದೆ, ಯಾರಿಗೂ ಕಾಣದು — ಥೂ, ಗುಂಡಿ ಇಟ್ಟುಕೊಂಡು ಪಾಸ್ಟರ್ ಏನು ಮಾಡಬೇಕು, ಗಾಳಿ ನುಗ್ಗುವುದು ಇವನ ಎದೆಗೆ ತಾನೇ, ಹೇಳಿಬಿಡಲೇ, ಏನಂದುಕೊಳ್ಳುತ್ತಾನೆ, ಕೊಟ್ಟ ಕೋಟಿನ ಗುಂಡಿಗೂ ಆಸೆಪಟ್ಟವಳು, ಚೀಲ ಅವನ ಕೈಗೆ ಬಂತು, ಒಳಜೇಬಿಗೆ ಕೈ ಹಾಕಿದ, ಎಳೆ ಬಿಗಿಯಿತು, ಬೇಡ, ಬೇಡ — ಟಕ್. ಉರುಳಿಕೊಂಡು ಬಂದು ಇವಳ ಚಪ್ಪಲಿಗೆ ತಾಗಿ ನಿಂತಿತು. ಅಕ್ಕಾ, ನನ್ನ ಗುಂಡಿ ಅಲ್ಲಿ ಬಿತ್ತಾ ನೋಡ್ತೀರಾ, ಪಿಸುಗುಟ್ಟುತ್ತಾನೆ, ಪ್ಲಾಸ್ಟಿಕ್ಕಿಂದೇ, ಆದ್ರೂ ಕಳೀಬಾರ್ದು, ಯಾರೋ ಪ್ರೀತಿಯಿಂದ ಕೊಟ್ಟ ಕೋಟು, ಯಾರು ಅಂತ ಗೊತ್ತಿಲ್ಲ, ದಿನಾ ಪ್ರಾರ್ಥನೆ ಮಾಡ್ತೀನಿ ಅವರಿಗೆ, ಅಂಗೈ ಚಾಚಿದ್ದಾನೆ, ಪ್ರೀತಿಯಿಂದ ಅಂದನಲ್ಲ, ಪ್ರೀತಿಯಿಂದ, ಬಗ್ಗಿ ಆ ಪ್ಲಾಸ್ಟಿಕ್ಕನ್ನು ಹೆಕ್ಕಿ ಕೊಟ್ಟರೆ ಮುಗಿಯಿತು, ಯಾರಿಗೂ ಏನೂ ತಿಳಿಯದು, ಬಗ್ಗುವುದಿಲ್ಲ ಇವಳು, ಬೆರಳುಗಳು ತಾವಾಗಿ ಸಡಿಲುತ್ತವೆ, ಒಂದೊಂದಾಗಿ ಬೀಳುತ್ತವೆ ಕೊಂಬಿನ ಗುಂಡಿಗಳು ಅವನ ಕೈಗೆ, ಆ ಕೋಟಿನವೇ ಇವು ತಮ್ಮಾ, ಕೊಡೋ ಮುಂಚೆ ನಾನೇ ಕಿತ್ತಿಟ್ಕೊಂಡಿದ್ದೆ, ಸಭೆ ಮುಗಿದ ಮೇಲೆ ಹೋಗ್ಬೇಡ, ಗಟ್ಟಿಯಾಗಿ ಹೊಲಿದುಕೊಡ್ತೀನಿ — ಅವನು ಗುಂಡಿಗಳನ್ನೂ ನೋಡುತ್ತಾನೆ, ಇವಳನ್ನೂ ನೋಡುತ್ತಾನೆ, ಚೀಲ ಕಾಯುತ್ತಿದೆ, ಗಂಟಲಿನಿಂದ ಏನೋ ಉಕ್ಕಿತು, ಅಳು ಅಂದುಕೊಂಡಳು, ಅಳುವಲ್ಲ, ನಗು, ಛೆ, ಸಭೆಯ ನಡುವೆ ನಗು, ಇವಳ ಕೈ ಇನ್ನೂ ಗಾಳಿಯಲ್ಲೇ ಇದೆ, ಬಿಚ್ಚಿಕೊಂಡು, ಗುಂಡಿಗಳು ಒತ್ತಿದ ಕೆಂಪು ಗುರುತು ಬಿಟ್ಟರೆ ಏನೂ ಇಲ್ಲ, ನೋಡು, ಏನೂ ಇಲ್ಲ, ಆ ಅಂಗೈ.