ನಲವತ್ತೊಂದು ಜನರ ಉಸಿರು

ಕೀಲಿಕೈ ಎಲ್ಲೂ ಹೋಗಿರಲಿಲ್ಲ, ಜೇಬಿನಲ್ಲೇ ಇತ್ತು. ಆದರೂ ಅವನು ಕಾರ್ಖಾನೆಯ ಮೆಟ್ಟಿಲ ತಿರುವಿನಲ್ಲಿ ನಿಂತು ಒಂದೊಂದೇ ಜೇಬು ತಡಕಾಡುತ್ತಿದ್ದ. ಎರಡು ವರ್ಷದಿಂದ ದಿನವೂ ಇದೇ ತಿರುವಿನಲ್ಲಿ ಕೀಲಿಕೈ ಕಳೆಯುತ್ತಿತ್ತು, ಒಂದು ನಿಮಿಷದ ಮೇಲೆ ಸಿಗುತ್ತಿತ್ತು.

ಮನೆಯ ಮೆಟ್ಟಿಲಲ್ಲೂ ಇದೇ ಕಥೆ. "ಕುತ್ತಿಗೆಗೆ ಕಟ್ಕೊಂಡ್ಬಿಡಿ ಅದನ್ನ," ಎಂದು ಹೆಂಡತಿ ಇಂದು ಬೆಳಿಗ್ಗೆಯೂ ಅಂದಿದ್ದಳು. ಅವನು ನಕ್ಕಿರಲಿಲ್ಲ.

ಬಿಳಿಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆಯುವ ಈ ಕಾರ್ಖಾನೆಗೆ ಅವನು ಸುರಕ್ಷತಾಧಿಕಾರಿ. ಗೋಡೆಯ ಮೇಲೆ ಗಾಜು ಹಾಕಿಸಿದ ಮೂರು ಪ್ರಮಾಣಪತ್ರಗಳಿದ್ದವು. ಆರು ತಿಂಗಳಿಗೊಮ್ಮೆ ಅವನು ಸುರಕ್ಷತಾ ಇಲಾಖೆಗೆ ಒಂದು ವರದಿ ಕಳಿಸಬೇಕು. ಅದರಲ್ಲಿ ಎರಡು ಚೌಕ. ಅಪಾಯದ ಕೆಲಸದಲ್ಲಿರುವವರು ಎಷ್ಟು, ಅವರಲ್ಲಿ ಕಾಯಿಲೆಯಾದವರು ಎಷ್ಟು. ಆರು ವರ್ಷದಿಂದ ಮೊದಲ ಚೌಕದಲ್ಲಿ ನಲವತ್ತೊಂದು, ಎರಡನೆಯದರಲ್ಲಿ ಸೊನ್ನೆ. ಸೊನ್ನೆಯನ್ನು ಅವನು ಬಹಳ ದುಂಡಗೆ ಬರೆಯುತ್ತಿದ್ದ.

ಇಂದು ಉಸಿರು ಪರೀಕ್ಷೆಯ ದಿನ. ಕೊಳವೆಯಂಥ ಮೀಟರಿಗೆ ಜೋರಾಗಿ ಊದಿದರೆ ಕೆಂಪು ಮುಳ್ಳು ಮುಂದಕ್ಕೆ ಜಾರುತ್ತದೆ. ಮುನ್ನೂರಕ್ಕಿಂತ ಕೆಳಗೆ ನಿಂತರೆ ಕಾಯಿಲೆ. ಕಾಯಿಲೆಯಾದವನಿಗೆ ಧೂಳಿಲ್ಲದ ಕೆಲಸ ಕೊಡಬೇಕು. ಧೂಳಿಲ್ಲದ ಕೆಲಸ ಅಲ್ಲಿ ಇರಲಿಲ್ಲವಾದ್ದರಿಂದ ವಿಶ್ರಾಂತಿ ಕೊಡುತ್ತಿದ್ದರು. ವಿಶ್ರಾಂತಿ ಅಂದರೆ ಗೇಟಿನ ಹೊರಗೆ.

ಆರು ವರ್ಷದ ಹಿಂದೆ ಮೊದಲ ಸಲ ಇಬ್ಬರಿಗೆ ವಿಶ್ರಾಂತಿ ಸಿಕ್ಕಮೇಲೆ ಕೆಲಸಗಾರರೇ ಒಂದು ದಾರಿ ಕಂಡುಕೊಂಡರು. ಚೀಲ ಹೊಲಿಯುವವನೊಬ್ಬನಿಗೆ ಭರ್ಜರಿ ಉಸಿರು, ಐನೂರ ಎಂಬತ್ತು. ಅವನಿಗೆ ತುತ್ತೂರಿ ಅಂತಲೇ ಹೆಸರು ಬಿತ್ತು. ಎಲ್ಲರ ಪರವಾಗಿ ಅವನೇ ಊದತೊಡಗಿದ. ಸುರಕ್ಷತಾಧಿಕಾರಿ ಒಂದೊಂದು ಹೆಸರು ಕರೆದಾಗಲೂ ಎದ್ದು ಕಿಟಕಿಯ ಕಡೆ ತಿರುಗುತ್ತಿದ್ದ, ಊದುವವರಿಗೆ ಸಂಕೋಚವಾಗಬಾರದೆಂದು. ಬೆನ್ನ ಹಿಂದೆ ಊದಿದ ಸದ್ದು. ಮತ್ತೆ ತಿರುಗಿ ಅಂಕಿ ಬರೆದುಕೊಳ್ಳುತ್ತಿದ್ದ. ಕಣ್ಣಾರೆ ಕಾಣದ್ದನ್ನು ಬರೆಯುವ ಅಗತ್ಯವಿಲ್ಲ ಎಂಬ ತನ್ನ ತರ್ಕದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಇಂದು ಮೊದಲ ಹೆಸರು ಕರೆದು ತಿರುಗಿದ. ಊದಿದ ಸದ್ದು ಗಿಡ್ಡವಾಗಿತ್ತು. ಮುಳ್ಳು ಇನ್ನೂರ ಹತ್ತರಲ್ಲಿತ್ತು.

"ಇನ್ನೊಂದ್ಸಲ."

ಇನ್ನೂರ ಹತ್ತು.

ತುತ್ತೂರಿ ಕೊಳವೆಯ ಬಾಯನ್ನು ಅಂಗಿಗೆ ಒರೆಸಿದ. "ನೆಗಡಿ ಸಾರ್," ಅಂದ.

"ಬೇರೆ ಯಾರಾದ್ರೂ ಊದ್ತೀರಾ?" ಅಂದುಬಿಟ್ಟ ಸುರಕ್ಷತಾಧಿಕಾರಿ. ಅಂದಮೇಲೆ ಆರು ವರ್ಷದ ಗುಟ್ಟು ಬಾಯಿತಪ್ಪಿ ಹೊರಬಿತ್ತೆಂದು ಹೊಳೆಯಿತು. ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ.

"ನಾವೆಲ್ಲ ಇವ್ನಿಗಿಂತ ಕಮ್ಮೀನೇ ಸಾರ್," ಎಂದ ಸಾಲಿನಲ್ಲಿದ್ದ ಹಿರಿಯ, ಮೈಯೆತ್ತರದ ಬಗ್ಗೆ ಮಾತಾಡುವವನಂತೆ.

ನಲವತ್ತೊಂದು ಹೆಸರಿನ ಮುಂದೆಯೂ ಇನ್ನೂರ ಹತ್ತು ಬಿತ್ತು.

ಮ್ಯಾನೇಜರು ಅವನ ಹೆಂಡತಿಯ ಸೋದರಮಾವ. ಮನೆಯಲ್ಲಿ ಮಾವ, ಇಲ್ಲಿ ಸಾರ್. ರಿಜಿಸ್ಟರನ್ನು ಅವರು ಮೊದಲಿನಿಂದ ಕೊನೆಯವರೆಗೂ ಓದಿದರು.

"ಎಲ್ರದೂ ಇನ್ನೂರ ಹತ್ತೇ?"

"ಹೌದು ಸಾರ್."

"ನೀವೇ ನೋಡ್ಕೊಳ್ಳಿ. ನಾನು ಇದನ್ನ ನೋಡಿಲ್ಲ." ಹಾಗೆಂದು ಅವರೂ ತಮ್ಮ ಕಿಟಕಿಯ ಕಡೆ ತಿರುಗಿದರು.

ಅವನು ಇಲಾಖೆಗೆ ಫೋನು ಮಾಡಿದ. ಎಲ್ಲವನ್ನೂ ಹೇಳಿಬಿಡಬೇಕೆಂದು ನಿಜವಾಗಿ ಅನ್ನಿಸಿತ್ತು. ಧೂಳು, ಕಿಟಕಿ, ತುತ್ತೂರಿ, ಎಲ್ಲ.

"ಕಾಯಿಲೆ ವಿಷಯ ತಿಳಿಸಬೇಕಿತ್ತು. ನಲವತ್ತೊಂದು ಜನಕ್ಕೆ."

"ಒಟ್ಟು ಎಷ್ಟು ಜನ ನಿಮ್ಮಲ್ಲಿ?" ಆ ಕಡೆಯ ಗುಮಾಸ್ತ ಏನೋ ಅಗಿಯುತ್ತಿದ್ದ.

"ನಲವತ್ತೊಂದು."

"ಹಾಗಿದ್ರೆ ಅದು ಕಾಯಿಲೆ ಅಲ್ಲ ರೀ. ಕಾಯಿಲೆ ಅಂದ್ರೆ ಕೆಲವ್ರಿಗೆ ಬರುತ್ತೆ. ಎಲ್ರಿಗೂ ಒಂದೇ ಸಲ ಬಂದಿದ್ರೆ ಮೀಟರ್ ಕೆಟ್ಟಿದೆ."

"ಮೀಟರ್ ಸರಿಯಾಗಿದೆ."

"ಅದನ್ನ ನೀವು ಹೇಳಿದ್ರೆ ಆಗಲ್ಲ. ಆರೋಗ್ಯವಾಗಿರೋರೊಬ್ರ ಕೈಲಿ ಊದ್ಸಿ. ಮುನ್ನೂರು ದಾಟಿದ್ರೆ ಮೀಟರ್ ಸರಿಯಿದೆ, ನಾವೇ ಬಂದು ಕಾರ್ಖಾನೆ ನೋಡ್ತೀವಿ. ದಾಟದಿದ್ರೆ ಮೀಟರ್ ಕೆಟ್ಟಿದೆ ಅಂತ ಬರೆದು ಕಳ್ಸಿ. ಐದು ಗಂಟೆ ಒಳಗೆ."

ಅಂದರೆ ಬೇಕಾದದ್ದು ಒಬ್ಬ ಆರೋಗ್ಯವಂತ. ಮ್ಯಾನೇಜರಿಗೆ ಮೀಟಿಂಗ್ ಇತ್ತು. ಗೇಟಿನ ಕಾವಲುಗಾರ ಸೆಲ್ಯೂಟ್ ಹೊಡೆದು, ಕೆಮ್ಮಿ, ಇನ್ನೊಂದು ಸೆಲ್ಯೂಟ್ ಹೊಡೆದ. ರಸ್ತೆಯಲ್ಲಿ ಹೋಗುವವರನ್ನು ಕರೆಯೋಣವೆಂದು ನೋಡಿದರೆ ಅಂಗಡಿಗಳ ಬೋರ್ಡು, ಒಣಹಾಕಿದ ಬಟ್ಟೆ, ಮರದ ಎಲೆ ಎಲ್ಲವೂ ಒಂದೇ ಸಮನೆ ಬೆಳ್ಳಗಿದ್ದವು.

ಆಗ ಅವನಿಗೆ ತನ್ನ ನೆನಪಾಯಿತು. ತಾನು ಮೇಲಿನ ಗಾಜಿನ ಕೋಣೆಯವನು. ಒಂದು ದಿನವೂ ಕಲ್ಲು ಮುಟ್ಟಿದವನಲ್ಲ. ಈ ಕಾರ್ಖಾನೆಯಲ್ಲಿ ತನ್ನಿಂದ ಮೊದಲ ಬಾರಿಗೆ ಒಂದು ಉಪಯೋಗವಾಗಲಿದೆ ಎಂದು ಹಿಗ್ಗಿದ. ಬಾಗಿಲು ಹಾಕಿಕೊಂಡು, ಮೈಯಲ್ಲಿದ್ದ ಬಲವನ್ನೆಲ್ಲ ಒಟ್ಟುಮಾಡಿ ಊದಿದ.

ಇನ್ನೂರ ನಲವತ್ತು.

ನಿಂತು ಊದಿದ. ಟೈ ಸಡಿಲಿಸಿ ಊದಿದ. ಇನ್ನೂರ ನಲವತ್ತು, ಇನ್ನೂರ ಮೂವತ್ತು. ಬೆಳಿಗ್ಗೆ ತಾನೇ ಒರೆಸಿದ್ದ ಮೇಜಿನ ಮೇಲೆ ಬೆರಳಾಡಿಸಿದ. ಗೆರೆ ಮೂಡಿತು. ಮೆಟ್ಟಿಲ ತಿರುವು ನೆನಪಾಯಿತು, ಜೇಬಿನಲ್ಲೇ ಇರುತ್ತಿದ್ದ ಕೀಲಿಕೈ ನೆನಪಾಯಿತು. ಭಯವಾಯಿತು.

ಮೀಟರ್ ಕೆಟ್ಟಿದೆ ಎಂದು ಬರೆದರೆ ಅವನಿಗೆ ಏನೂ ಆಗಿಲ್ಲ. ಯಾರಿಗೂ ಏನೂ ಆಗಿಲ್ಲ. ನಾಳೆ ಎಲ್ಲರೂ ಕೆಲಸಕ್ಕೆ ಬರಬಹುದು. ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ.

ಐದಕ್ಕೆ ಹತ್ತು ನಿಮಿಷವಿದ್ದಾಗ ತುತ್ತೂರಿ ಬಂದ. ಮೆಟ್ಟಿಲು ಹತ್ತಿದ್ದಕ್ಕೆ ಬಾಗಿಲ ಚೌಕಟ್ಟು ಹಿಡಿದು ಉಸಿರು ಸುಧಾರಿಸಿಕೊಂಡ.

"ಏನಂದ್ರಂತೆ ಸಾರ್?"

"ಆರೋಗ್ಯವಾಗಿರೋರು ಒಬ್ರು ಊದ್ಬೇಕಂತೆ."

ತುತ್ತೂರಿಯ ಕಣ್ಣು ಮೇಜಿನ ಮೇಲಿದ್ದ ಮೀಟರಿನ ಮುಳ್ಳಿಗೆ ಹೋಯಿತು. ಅಲ್ಲಿಂದ ಸಡಿಲಾದ ಟೈಗೆ ಬಂತು. ಬೆಂಚಿನ ಮೇಲೆ ಸರಿದು ಜಾಗ ಕೊಡುವವನ ದನಿಯಲ್ಲಿ, "ನೀವೂನಾ ಸಾರ್?" ಅಂದ.

ಅವನು ಟೈ ಸರಿಮಾಡಿಕೊಂಡ.

"ಅದಕ್ಯಾಕೆ ಯೋಚ್ನೆ ಮಾಡ್ತೀರಿ. ನಿಮ್ದೂ ನಾನೇ ಊದ್ತೀನಿ, ಕೊಡಿ."

ಬೇಡ ಅನ್ನಬೇಕಿತ್ತು. ಅವನ ಕೈ ಮೀಟರನ್ನು ಮುಂದೆ ಚಾಚಿತು. ಕಾಲುಗಳು ಅಭ್ಯಾಸಬಲದಿಂದ ಎದ್ದು ಅವನನ್ನು ಕಿಟಕಿಯ ಕಡೆ ತಿರುಗಿಸಿದವು. ಮುಳ್ಳು ಮುನ್ನೂರು ದಾಟಲೆಂದು ಬೇಡಿಕೊಳ್ಳುತ್ತಿದ್ದಾನೋ, ದಾಟದಿರಲೆಂದೋ, ಅವನಿಗೇ ತಿಳಿಯಲಿಲ್ಲ. ಕೆಳಗೆ ಅಂಗಳದಲ್ಲಿ ನಲವತ್ತು ಜನ ಬೆಳ್ಳಗೆ ನಿಂತು ಮೇಲೆ ನೋಡುತ್ತಿದ್ದರು. ಅವನು ಜೇಬಿಗೆ ಕೈಹಾಕಿ ಕೀಲಿಕೈ ಹುಡುಕತೊಡಗಿದ.

ಬೆನ್ನ ಹಿಂದೆ ತುತ್ತೂರಿ ಉಸಿರೆಳೆದುಕೊಳ್ಳತೊಡಗಿದ. ಎಳೆದುಕೊಳ್ಳುತ್ತಲೇ ಇದ್ದ.