ಸ್ಲ್ಯಾಬಿನ ಮಾಲಕಿ

ಘಾಟ್ಕೋಪರ್ ಗುಡ್ಡದ ಮೇಲಿನ ಆ ಚಾಳಿಗೆ ಎಂಟು ತಿಂಗಳಿನಿಂದ ಸಂಡಾಸು ಇರಲಿಲ್ಲ. ಹಳೆಯದನ್ನು ಕೆಡವಿ ಹೊಸದು ಕಟ್ಟಿಸುತ್ತೇವೆಂದು ವಾರ್ಡ್ ಆಫೀಸಿನವರು ಕಾಯಿ ಒಡೆದು ಹೋಗಿದ್ದರು. ಕೆಡವುವ ಕೆಲಸ ಮಾತ್ರ ಹೇಳಿದ ದಿನವೇ ಮುಗಿದಿತ್ತು. ಇನ್ನೂರು ಮನೆಯ ಜನ ಈಗ ನೂರಾ ಹನ್ನೆರಡು ಮೆಟ್ಟಿಲು ಇಳಿದು, ರಸ್ತೆ ದಾಟಿ, ಸ್ಟೇಶನ್ ಹತ್ತಿರದ ಸಂಡಾಸಿಗೆ ಹೋಗಿ ಸರದಿ ನಿಲ್ಲುತ್ತಿದ್ದರು.

ನೀಲಾಬಾಯಿಯ ಸೊಸೆ ಚಂಪಾಗೆ ಏಳು ತಿಂಗಳು. ಇಳಿಯುವಾಗ ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಅತ್ತೆಯ ಹೆಗಲ ಮೇಲೆ. ಏರುವಾಗ ನಾಲ್ಕು ಕಡೆ ಕೂರುತ್ತಿದ್ದಳು.

"ಅತ್ತಿ, ಇನ್ನ ಎಷ್ಟ ದಿನ ಹಿಂಗ?"

"ಕೂಸು ಮೊದಲೋ ಸಂಡಾಸು ಮೊದಲೋ ನೋಡೂಣವಾ. ಕೂಸಿಗೆ ಟೆಂಡರ್ ಬೇಕಾಗಂಗಿಲ್ಲ. ಅದ ಮೊದಲ ಬರತದ."

ಕೊನೆಗೂ ಕೆಲಸ ಶುರುವಾಯಿತು. ಮೇಸ್ತ್ರಿ ಗುರುಪಾದ, ಕೂಲಿಯವರು ಬೆಳಿಗ್ಗೆ ಕೆಲಸಕ್ಕಾಗಿ ಕಾಯುವ ನಾಕಾಕ್ಕೆ ಬಂದು ಕೂಲಿಗೆ ಆರಿಸಿದವರಲ್ಲಿ ನೀಲಾಬಾಯಿಯೂ ಇದ್ದಳು, ಪಕ್ಕದ ಮನೆಯ ಹಜರತಬಿಯೂ ಇದ್ದಳು. ತಮ್ಮ ಸಂಡಾಸಿಗೆ ತಾವೇ ಸಿಮೆಂಟ್ ಮಾಲು ಹೊರುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ!

ಮೊದಲ ದಿನವೇ ನೀಲಾಬಾಯಿಗೆ ಕೈಯಲ್ಲಿ ಗೊತ್ತಾಯಿತು. ಇಪ್ಪತ್ತು ವರ್ಷ ಮಾಲು ಕಲಸಿದ ಕೈ ಅದು. ಉಪ್ಪು ಕಡಿಮೆಯಾದ ಸಾರನ್ನು ವಾಸನೆಯಲ್ಲೇ ಹಿಡಿಯುವ ಹಾಗೆ, ಸಿಮೆಂಟ್ ಕಡಿಮೆಯಾದ ಮಾಲನ್ನು ಅದು ಹಿಡಿಯುತ್ತಿತ್ತು. ಸಂಡಾಸಿನ ಕೆಳಗೆ ಮಲ ಸೇರುವ ಎರಡಾಳು ಆಳದ ಟಾಕಿ. ಅದರ ಮೇಲಿನ ಸ್ಲ್ಯಾಬಿನ ಮೇಲೆಯೇ ನಾಳೆ ಹೆಂಗಸರು ಮಕ್ಕಳು ಸರದಿ ನಿಲ್ಲಬೇಕು. ಆ ಸ್ಲ್ಯಾಬಿನೊಳಗೆ ಕಬ್ಬಿಣದ ಸಳಿಗಳ ನಡುವೆ ಬೆಕ್ಕು ಮರಿಗಳ ಸಮೇತ ಸಂಸಾರ ಹೂಡುವಷ್ಟು ಜಾಗ.

"ಮೇಸ್ತ್ರಿ, ಇದು ಸ್ಲ್ಯಾಬೋ ಹಪ್ಪಳೋ?"

"ಇಂಜಿನಿಯರ್ ಸಾಹೇಬ್ರು ಪಾಸ್ ಮಾಡ್ಯಾರ ನೀಲಾಬಾಯಿ. ನೀ ಕಲಸು."

ಅವಳು ಕಲಸಿದಳು. ಕಲಸದಿದ್ದರೆ ಮರುದಿನ ನಾಕಾದಲ್ಲಿ ಅವಳನ್ನು ಕರೆಯುವವರಿಲ್ಲ.

ನಾಕಾ ಕೂಲಿಯವರಲ್ಲಿ ಒಂದು ಪದ್ಧತಿಯಿದೆ. ಕೆಳಗೆ ಆಧಾರ ಕೊಟ್ಟ ಸೆಂಟ್ರಿಂಗ್ ಹಲಗೆ ಬಿಚ್ಚಿದ ಮೇಲೆ ಸ್ಲ್ಯಾಬಿನ ನಟ್ಟನಡುವೆ ಮೊದಲು ನಿಲ್ಲುವವನು ಮಾಲಕ. ನಿಂತುಕೊಂಡೇ ಎಲ್ಲರಿಗೂ ಬೆಲ್ಲ ಹಂಚಬೇಕು. ಆ ಬೆಲ್ಲ ತಿಂದ ಮೇಲೆಯೇ ಕೆಲಸ ಮುಗಿದ ಲೆಕ್ಕ. ಇಲ್ಲಿ ಹಲಗೆ ಬಿಚ್ಚಿದರು, ಯಾರೂ ನಿಲ್ಲಲಿಲ್ಲ.

"ಬೆಲ್ಲ ಎಲ್ಲಿ ಮೇಸ್ತ್ರಿ?" ಎಂದಳು ಹಜರತಬಿ.

"ಸರಕಾರಿ ಕೆಲಸಕ್ಕ ಮಾಲಕ ಎಲ್ಲಿರ್ತಾನವಾ?"

ಮಾಲಕ ಇದ್ದ. ನಾಲ್ಕು ದಿನಕ್ಕೆ ನೀಲಿ ಬೋರ್ಡು ಬಂತು. ಮರಾಠಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ ಚಂಪಾ ಬೆರಳಿಟ್ಟು ಓದಿದಳು. ಕೆಲಸ, ಸಾರ್ವಜನಿಕ ಶೌಚಾಲಯ. ಕಂತ್ರಾಟದಾರ, ಪ್ರಗತಿ ಮಹಿಳಾ ಮಜೂರ ಸಹಕಾರಿ ಸಂಸ್ಥೆ. ಅಧ್ಯಕ್ಷೆ... ಚಂಪಾಳ ಬೆರಳು ಅಲ್ಲೇ ನಿಂತಿತು.

"ಅತ್ತಿ, ಇಲ್ಲಿ ನಿನ್ನ ಹೆಸರ ಅದ."

ಹಜರತಬಿ ನೆಲಕ್ಕೆ ಕೂತು ನಕ್ಕಳು. "ಯಾ ಅಲ್ಲಾ! ಕಂತ್ರಾಟದಾರ್ ಮೇಡಮ್, ನಿಮ್ಮ ಕೆಲಸಕ್ಕ ನೀವ ಕೂಲಿಗೆ ಬಂದೀರೇನ್ರಿ? ಕಾರು ಮೆಟ್ಟಲದಾಗ ನಿಂದರಿಸೀರೋ?"

ನೀಲಾಬಾಯಿ ನಗಲಿಲ್ಲ. ಎರಡು ವರ್ಷದ ಹಿಂದಿನ ಒಂದು ಭಾನುವಾರ ನೆನಪಾಗಿತ್ತು. ಕಿಶೋರ ಶೇಟ್ ಬಂದಿದ್ದ. ನಮ್ಮ ಕಡೆಯವನೇ; ಮಾಟುಂಗದ ಕನ್ನಡ ಸಭೆಗಳಲ್ಲಿ ಶಾಲು ಹೊದಿಸಿಕೊಂಡು 'ಕೂಲಿಯವರ ಬಂಧು' ಎನಿಸಿಕೊಂಡವನು. "ಕೂಲಿ ಹೆಣ್ಣಮಕ್ಕಳಿಗೆ ಪಾತ್ರೆ ಸೆಟ್ ಬಂದದ ಅಕ್ಕಾ, ಆಧಾರ್ ಕೊಡ್ರಿ, ಇಲ್ಲಿ ಸಹಿ ಮಾಡ್ರಿ" ಎಂದಿದ್ದ. ಊರಿನ ಮಾತು ಕಿವಿಗೆ ಬಿದ್ದರೆ ಕಾಗದ ಓದಬೇಕೆಂದು ಯಾರಿಗೆ ಅನಿಸುತ್ತದೆ? ಮೂವತ್ತು ಹೆಂಗಸರು ಸಾಲುಗಟ್ಟಿ ಸಹಿ ಮಾಡಿದ್ದರು. ತಲೆಗೊಂದು ಕುಕ್ಕರ್ ಬಂದಿತ್ತು. ಸೀಟಿ ಇರಲಿಲ್ಲ.

ಮರುದಿನ ಕೂಲಿ ಬಿಟ್ಟು ಅವಳು ವಾರ್ಡ್ ಆಫೀಸಿಗೆ ಹೋದಳು, ಹಜರತಬಿಯನ್ನೂ ಕರೆದುಕೊಂಡು. ಇಂಜಿನಿಯರ್ ನವೀನ ಸಾಹೇಬ ಮುಂಬಯಿಯಲ್ಲೇ ಹುಟ್ಟಿದ ಕನ್ನಡದ ಹುಡುಗ. ಕನ್ನಡ ತಿಳಿಯುತ್ತಿತ್ತು, ನಾಲಿಗೆ ಮಾತ್ರ ಹಿಂದಿಗೆ ಜಾರುತ್ತಿತ್ತು.

"ಸಾಹೇಬ್ರ, ಸ್ಲ್ಯಾಬು ಕಚ್ಚಾ ಅದ. ಮಂದಿ ನಿಂತ್ರ ಬೀಳತದ."

"ಕಂಪ್ಲೇಂಟ್ ಯಾರ ಮೇಲೆ?"

"ಕಂತ್ರಾಟದಾರನ ಮ್ಯಾಲ."

ಅವನು ಫೈಲು ತೆರೆದ. ಫೋಟೋ ನೋಡಿದ, ಅವಳನ್ನು ನೋಡಿದ. "ಅರೆ, ಆಪ್ ಹೀ ತೋ ಹೋ! ನಿಮ್ಮ ಮೇಲೆ ನೀವೇ ಕಂಪ್ಲೇಂಟ್ ಕೊಡ್ತೀರಾ?"

"ನಾ ಟೆಂಡರ್ ಹಾಕಿಲ್ಲರಿ."

"ಟೆಂಡರ್ ಬೇಕೇ ಇಲ್ಲ ಬಾಯಿ. ಗರೀಬ್ ಮಹಿಳಾ ಸಂಸ್ಥೆಗೆ ಮೂರು ಕೊಟೇಶನ್ ಸಾಕು. ಸರಕಾರಕ್ಕೆ ನಿಮ್ಮ ಮೇಲೆ ದಯಾ ಇದೆ." ಹಾಳೆ ತಿರುವಿದ. "ಒಂದು ನಿಮ್ದು. ಒಂದು ಹಜರತಬಿ ಅಂತ. ಒಂದು ಸೋಮವ್ವ."

ಹಜರತಬಿ ಫೈಲಿನತ್ತ ಬಗ್ಗಿದಳು. ನೀಲಾಬಾಯಿ ಮೆಲ್ಲಗೆ ಹೇಳಿದಳು: "ನಮ್ಮ ಸಂಗ್ತಿ ಸಹಿ ಮಾಡಿದ ಸೋಮವ್ವ ಸತ್ತು ವರ್ಷದ ಮ್ಯಾಲ ಆತು ಸಾಹೇಬ್ರ."

"ಹೌದಾ? ಅವರ ರೇಟು ಜಾಸ್ತಿ ಇತ್ತು. ಅದಕ್ಕೇ ಸಿಗಲಿಲ್ಲ." ಸಾಹೇಬ ಫೈಲು ಮುಚ್ಚಿದ. "ಭಾನುವಾರ ಉದ್ಘಾಟನೆ. ಕೆಲಸ ಮುಗಿದಿದೆ ಅಂತ ನೀವು ಒಂದು ಸೈನ್ ಮಾಡಬೇಕು. ಆಮೇಲೆ ಬಿದ್ದರೆ ಕೇಸ್ ನಿಮ್ಮ ಮೇಲೆ. ಸೋಚ್ ಕೇ ಬೋಲೋ, ಯೋಚಿಸಿ ಹೇಳಿ."

ಮಾಡದ ಕೆಲಸಕ್ಕೆ ಬಿಲ್ಲು, ಆ ಸಹಿಗಳಿಂದ ಸಂಸ್ಥೆ ಮಾಡಿಕೊಂಡ ಕಿಶೋರನಿಗೆ; ಬೀಳುವ ಕೆಲಸಕ್ಕೆ ಜೈಲು ನೀಲಾಬಾಯಿಗೆ. ಪಾಲು ಮಾಡುವುದರಲ್ಲಿ ಕಚೇರಿಯವರು ಯಾವತ್ತೂ ತಪ್ಪುವುದಿಲ್ಲ.

ಭಾನುವಾರ ಬಂತು. ಚೆಂಡುಹೂವಿನ ಮಾಲೆ, ರಿಬ್ಬನ್, ಬ್ಯಾನರಿನಲ್ಲಿ ಕಿಶೋರ ಶೇಟನ ಮುಗಿದ ಕೈ. ಚಾಳಿನ ಜನವೆಲ್ಲ ನೆರೆದಿತ್ತು. ಕಿಶೋರ ಕಾಗದ, ಪೆನ್ನು, ಸಂಸ್ಥೆಯ ರಬ್ಬರ್ ಮುದ್ರೆಯ ಶಿಕ್ಕಾ ಹಿಡಿದು ಬಂದ.

"ಅಕ್ಕಾ, ಇಲ್ಲೊಂದು ಸಹಿ. ಬೇಕಂದ್ರ ಪೂರಾ ಪಾತ್ರೆ ಸೆಟ್ ಕಳಸ್ತೀನಿ."

"ಮೊದಲಿನ ಕುಕ್ಕರಿಗೆ ಸೀಟಿ ಕಳಸಪಾ ತಮ್ಮಾ." ನೀಲಾಬಾಯಿ ಶಿಕ್ಕಾ ಇಸಿದುಕೊಂಡು ಸೆರಗಿಗೆ ಗಂಟು ಹಾಕಿದಳು. ಇನ್ನೊಂದು ಗಂಟು ಬಿಚ್ಚಿ ಬೆಲ್ಲ ತೆಗೆದಳು. "ಸಹಿ ಮಾಡ್ತೀನಿ. ಪದ್ಧತಿ ಮುಗೀಲಿ. ಸಾಹೇಬ್ರ, ಬರ್ರಿ, ನಡುವ ನಿಂತು ಈ ಬೆಲ್ಲ ಹಂಚ್ರಿ."

ನವೀನ ಸಾಹೇಬ ತನ್ನ ಬೂಟು ನೋಡಿಕೊಂಡ. "ಫಾರ್ಮಾಲಿಟಿ ಬೇಡ ಬಾಯಿ..."

"ಪಾಸ್ ಮಾಡೀರಲ್ರೀ? ಶೇಟ್, ನೀ ಬಾ ಹಂಗಾರ."

ಶೇಟನಿಗೆ ಸರಿಯಾಗಿ ಆ ಹೊತ್ತಿಗೇ ಫೋನ್ ಬಂತು. ರಿಂಗ್ ಮಾತ್ರ ಯಾರಿಗೂ ಕೇಳಲಿಲ್ಲ. ಫೋನಿನಿಂದ ತಲೆಯೆತ್ತಿ ಅವನೆಂದ: "ನೀನ ಅಧ್ಯಕ್ಷೆ ಅಲ್ಲೇನಕ್ಕಾ? ನೀನ ನಿಂದ್ರು."

"ನಾ ನಿಂದ್ರಂಗಿಲ್ಲ. ಅದರಾಗ ಏನದ ಅಂತ ನನಗ ಗೊತ್ತದ. ನಾನ ಕಲಸೀನಿ, ತಪ್ಪು ನಂದೂ ಅದ."

ಇನ್ನೂರು ಮನೆಯ ಜನ, ಮಾಲೆ ಹಾಕಿದ ಒಂದು ಸ್ಲ್ಯಾಬು, ಅದರ ಮೇಲೆ ಕಾಲಿಡಲು ಒಬ್ಬರೂ ಇಲ್ಲ.

"ಚಂಪಾ, ಆ ಕಾಗದದ ಮ್ಯಾಲ ಬರಿ. ಕೆಲಸ ಕಚ್ಚಾ ಅದ, ಒಡದು ಹೊಸದಾಗಿ ಕಟ್ಟಬೇಕು."

ಚಂಪಾ ಬರೆದಳು. ನೀಲಾಬಾಯಿ ಕೆಳಗೆ ಸಹಿ ಮಾಡಿ ಶಿಕ್ಕಾ ಒತ್ತಿದಳು. ಆಮೇಲೆ ಸೊಸೆಯ ಹೊಟ್ಟೆ ನೋಡಿದಳು. ಅವಳ ದನಿ ಸಣ್ಣದಾಯಿತು. "ಮತ್ತ ಮೆಟ್ಟಲ ಇಳೀಬೇಕಾಗತದ ಮಗಳ."

"ಇಳೀತೀನಿ ಅತ್ತಿ. ಇದರಾಗ ಬೀಳೂದಕ್ಕಿಂತ ಅದ ಚಲೋ. ನೀ ಹೊಡಿ."

ಹಜರತಬಿ ದೊಡ್ಡ ಸುತ್ತಿಗೆ ತಂದು ಕೊಟ್ಟಳು. ನೀಲಾಬಾಯಿ ಟಾಕಿಯ ಗೋಡೆಯ ಅಂಚಿಗೆ ನಿಂತು ಎತ್ತಿ ಹೊಡೆದಳು. ಕಲ್ಲಿನ ಸದ್ದು ಬರಲಿಲ್ಲ. ಕಟಕ ರೊಟ್ಟಿ ಮುರಿದ ಸದ್ದು ಬಂತು. ಒಂದು ತುಂಡು ಟಾಕಿಯೊಳಗೆ ಬಿತ್ತು. ಅದು ತಳ ಮುಟ್ಟುವವರೆಗೆ ಎಲ್ಲರೂ ಕಿವಿಗೊಟ್ಟು ಕೇಳಿದರು.

"ಬಾಯಿ! ಸರಕಾರಿ ಆಸ್ತಿ ಅದು!" ಸಾಹೇಬ ಕೂಗಿದ.

ನೀಲಾಬಾಯಿ ಸುತ್ತಿಗೆ ಹಜರತಬಿಯ ಕೈಗೆ ಕೊಟ್ಟಳು. ಅವಳ ಹಿಂದೆ ಹೆಂಗಸರು ಆಗಲೇ ಸೆರಗು ಸಿಕ್ಕಿಸಿ ಸಾಲು ನಿಂತಿದ್ದರು, ಥೇಟ್ ಸಂಡಾಸಿನ ಸರದಿಯ ಹಾಗೆ.

"ಸರಕಾರದ್ದೇನ್ರಿ?" ಎಂದಳು ನೀಲಾಬಾಯಿ, ಬೆಲ್ಲ ಮುಂದೆ ಚಾಚಿ. "ಹಂಗಾರ ಬರ್ರಿ, ಮ್ಯಾಲ ನಿಂದರ್ರಿ."